ಗುಜರಿಯಿಂದ ತಂದ ಕಟೌಟ್ ಹಾಕುವ ಮುಂಚೆ ಇದನ್ನು ಓದಿ

ಡೈನಮೋ (ಎಂಜಿನ್ ತಿರುಗುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಇರುವ ಹಳೇ ಟ್ರ್ಯಾಕ್ಟರ್ ಇಟ್ಟುಕೊಂಡವರು ದಯವಿಟ್ಟು ಪೂರ್ತಿ ಓದಿ. ಕಟೌಟ್ ಅಂದರೆ ಡೈನಮೋಗೂ ಬ್ಯಾಟರಿಗೂ ನಡುವೆ ಇರುವ, ತಾನಾಗಿಯೇ ಕೂಡಿ ಬಿಡುವ ಸ್ವಿಚ್ಚಿನ ಡಬ್ಬಿ. ಮೂರು ವಾರದ ಹಿಂದೆ ನಮ್ಮ ಶೆಡ್ಡಿಗೆ ಬೆಂಕಿ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಕಾರಣ, ಮೇಲೆ ಏನೂ ಬರೆಯದ ಒಂದು ಕಪ್ಪು ಡಬ್ಬಿ.

ನಮ್ಮದು ಹಳೇಬೀಡಿನ ಹತ್ತಿರದ ಊರು. ಟ್ರ್ಯಾಕ್ಟರ್ ಅಪ್ಪನ ಕಾಲದ್ದು. ಆಲೂಗಡ್ಡೆ ಬಿತ್ತನೆ ಶುರುವಾಗುವ ಹೊತ್ತಿಗೇ ಚಾರ್ಜಿಂಗ್ ನಿಂತಿತು. ಡೈನಮೋ ಸರಿ ಇತ್ತು, ಕಟೌಟ್ ಹೋಗಿತ್ತು. ಹೊಸದು ಎಲ್ಲೂ ಸಿಗಲಿಲ್ಲ. ಹಾಸನದ ಒಂದು ಗುಜರಿ ಅಂಗಡಿಯಲ್ಲಿ ರಾಶಿ ಕೆದಕಿದಾಗ ನಮ್ಮದರ ಅಳತೆಗೆ ಹೊಂದುವ ಒಂದು ಸಿಕ್ಕಿತು. ಅದರ ಮೇಲಿನ ವಿವರದ ಪಟ್ಟಿ ಉದುರಿಹೋಗಿತ್ತು. ಮುಚ್ಚಳಕ್ಕೆ ಯಾರೋ ದಪ್ಪಗೆ ಬಣ್ಣ ಬಳಿದಿದ್ದರು. "ಟ್ರ್ಯಾಕ್ಟರ್‌ದೇ ಅಣ್ಣ, 12 ವೋಲ್ಟೇ ಅದು" ಎಂದರು ಅಂಗಡಿಯವರು. ನಂಬಿ 350 ರೂಪಾಯಿ ಕೊಟ್ಟು ತಂದೆ.

ಸಂಜೆ ಹಾಕಿ ಎಂಜಿನ್ ಶುರು ಮಾಡಿದೆ. ಡಬ್ಬಿಯೊಳಗೆ ಟಿಕ್ ಟಿಕ್ ಸದ್ದು. ಆಂಪಿಯರ್ ಮೀಟರಿನ ಮುಳ್ಳು ಚಾರ್ಜ್ ಕಡೆ ಹೋಗುವ ಬದಲು ಮೈನಸ್ ಕಡೆ ಹೋಯಿತು. ಮೀಟರಿನ ವೈರ್ ಅದಲು ಬದಲಾಗಿರಬೇಕು, ಬೆಳಿಗ್ಗೆ ನೋಡೋಣ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಸದ್ದೂ ನಿಂತಿತು. ಎಂಜಿನ್ ಆಫ್ ಮಾಡಿ ಕೈಕಾಲು ತೊಳೆಯಲು ಹೋದೆ. ಕಾಲು ಗಂಟೆ ಆಗಿಲ್ಲ, ಅಮ್ಮ ಕೂಗಿದರು: "ಏನೋ ಸುಟ್ಟ ವಾಸನೆ ಬರ್ತಿದೆ ನೋಡೋ!" ಓಡಿ ಹೋಗಿ ನೋಡಿದರೆ ಡೈನಮೋ ವೈರ್ ಉದ್ದಕ್ಕೂ ಹೊಗೆ. ಪಕ್ಕದಲ್ಲೇ ಹುಲ್ಲಿನ ಮೆದೆ, ಬಿತ್ತನೆ ಗಡ್ಡೆಯ ಚೀಲ. ಕೀ ತೆಗೆದಿದ್ದೆ, ಆದರೂ ಹೊಗೆ ನಿಲ್ಲಲಿಲ್ಲ. ಸ್ಪ್ಯಾನರ್ ಹುಡುಕಿ ಬ್ಯಾಟರಿಯ ಅರ್ತ್ ಕೇಬಲ್ ಕಿತ್ತ ಮೇಲೆಯೇ ನಿಂತದ್ದು. ಆ ಎರಡು ನಿಮಿಷ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಮಾರನೇ ದಿನ ಬೇಲೂರಿನ ಒಬ್ಬ ಹಿರಿಯ ಎಲೆಕ್ಟ್ರಿಷಿಯನ್ ಮುಚ್ಚಳ ತೆಗೆದು ತೋರಿಸಿದರು. ಅದು 6 ವೋಲ್ಟಿನ ಕಟೌಟ್. ಹಳೇ ಜೀಪಿನದು ಇರಬೇಕು ಎಂದರು. ಎರಡನೇ ಮಹಾಯುದ್ಧದ ಕಾಲದ ವಿಲ್ಲೀಸ್ ಜೀಪುಗಳು 6 ವೋಲ್ಟಿನವು. ಸಕಲೇಶಪುರ, ಮೂಡಿಗೆರೆ ಕಡೆಯ ತೋಟಗಳಲ್ಲಿ ಹಳೇ ಜೀಪುಗಳಿಗೇನು ಕಡಿಮೆಯೇ? ಅವುಗಳ ಸಾಮಾನು, ಟ್ರ್ಯಾಕ್ಟರ್ ಸಾಮಾನು ಎಲ್ಲ ಒಂದೇ ರಾಶಿಗೆ ಬೀಳುತ್ತದೆ.

ಆದದ್ದು ಇಷ್ಟು. 12 ವೋಲ್ಟಿನ ಕಟೌಟ್, ಡೈನಮೋ ಸುಮಾರು 13 ವೋಲ್ಟ್ ಕೊಟ್ಟಾಗ ಮಾತ್ರ ಬ್ಯಾಟರಿಗೆ ದಾರಿ ಬಿಡಬೇಕು. ಇದು ಆರೂವರೆ ವೋಲ್ಟಿನ ಆಸುಪಾಸಿನಲ್ಲೇ ಬಿಟ್ಟಿತು. ಆಗ ಬ್ಯಾಟರಿಯೇ ಜೋರು, ಡೈನಮೋ ಸಪ್ಪೆ. ಕರೆಂಟ್ ಹಿಂದಕ್ಕೆ ಹರಿಯಿತು. ಕಟೌಟಿನ ಪಾಯಿಂಟುಗಳು (ಕೂಡಿ ಬಿಡುವ ಲೋಹದ ತುದಿಗಳು) ಬಡಿದಾಡಿ, ಕಿಡಿ ಹಾರಿ, ಕೊನೆಗೆ ಒಂದಕ್ಕೊಂದು ಅಂಟಿಕೊಂಡವು. ಸದ್ದು ನಿಂತದ್ದು ಅದಕ್ಕೇ. ಎಂಜಿನ್ ನಿಂತ ಮೇಲೂ ಇಡೀ ಬ್ಯಾಟರಿ ಡೈನಮೋ ಒಳಗೆ ಸುರಿಯುತ್ತಿತ್ತು. ನಮ್ಮ ಗಾಡಿಯಲ್ಲಿ ಆ ವೈರಿಗೆ ಫ್ಯೂಸೂ ಇಲ್ಲ, ಕೀಗೂ ಅದಕ್ಕೂ ಸಂಬಂಧವಿಲ್ಲ. ಡೈನಮೋ ಒಳಗೆ ತಿರುಗುವ ಆರ್ಮೇಚರ್ ಸುಟ್ಟು, ಹೊಸ ತಂತಿ ಸುತ್ತಿಸಲು (ರಿವೈಂಡಿಂಗ್‌ಗೆ) ಹೋಯಿತು. ಬಿತ್ತನೆಗೆ ಬಾಡಿಗೆ ಟ್ರ್ಯಾಕ್ಟರ್ ತಂದೆ.

ಡಬ್ಬಿ ಎಷ್ಟು ವೋಲ್ಟಿನದು ಎಂದು ತಿಳಿಯಲು ಆ ಎಲೆಕ್ಟ್ರಿಷಿಯನ್ ಹೇಳಿಕೊಟ್ಟ ಪರೀಕ್ಷೆ ತುಂಬಾ ಸುಲಭ. ದೊಡ್ಡ ಟಾರ್ಚ್ ಸೆಲ್ ಐದು ತಗೊಳ್ಳಿ, ಹೊಸವು. ಸಾಲಾಗಿ ಜೋಡಿಸಿದರೆ ಏಳೂವರೆ ವೋಲ್ಟ್. ಡಬ್ಬಿ ಗಾಡಿಗೆ ಹಾಕುವ ಮುಂಚೆಯೇ ಮುಚ್ಚಳ ತೆಗೆದು, ಡೈನಮೋ ವೈರ್ ಬರುವ ಟರ್ಮಿನಲ್ಲಿಗೂ ಅರ್ತಿಗೂ ಮುಟ್ಟಿಸಿ. ಕಟೌಟಿನ ಪಾಯಿಂಟ್ ಟಕ್ ಅಂತ ಕೂಡಿದರೆ ಅದು 6 ವೋಲ್ಟಿನದು. 12ರದು ಅಷ್ಟಕ್ಕೆ ಕೂಡುವುದಿಲ್ಲ. ನನ್ನ ಡಬ್ಬಿಯ ಪಾಯಿಂಟನ್ನು ಕೆರೆದು ಬಿಡಿಸಿ ಅವರು ಹೀಗೆ ಮಾಡಿದಾಗ ತಕ್ಷಣ ಕೂಡಿತು. ಆದರೆ ಕೂಡಲಿಲ್ಲ ಅಂದರೆ 12 ಅಂತ ಸುಮ್ನೆ ತೀರ್ಮಾನ ಮಾಡಬೇಡಿ. ಒಳಗಿನ ತಂತಿ ಸುರುಳಿ (ಕಾಯಿಲ್) ಕಡಿದಿರಬಹುದು, 24ರದೂ ಇರಬಹುದು. ಅದಕ್ಕೆ ಮೀಟರ್ ಬೇಕು.

ಮಲ್ಟಿಮೀಟರ್ ಇದ್ದರೆ ನಿಮ್ಮ ಹಳೇ ಡಬ್ಬಿಯನ್ನು ಎಸೆಯಬೇಡಿ. ಅದರ ಕಾಯಿಲ್ ಇನ್ನೂ ಕಡಿಯದೆ ಇದ್ದರೆ ಎರಡರ ಓಮ್ ಹೋಲಿಸಿ ನೋಡಿ. ಒಂದೇ ಕೆಲಸಕ್ಕೆ ಮಾಡಿದ ಕಾಯಿಲ್ ಆದರೆ 6 ವೋಲ್ಟಿನದು 12ರದರ ಕಾಲು ಭಾಗದಷ್ಟು ತೋರಿಸುತ್ತದೆ, 24ರದು ನಾಲ್ಕು ಪಟ್ಟು. ಡೈನಮೋ ಒಳಗೆ ಕಾಂತದ ಕೆಲಸ ಮಾಡುವ ಫೀಲ್ಡ್ ಕಾಯಿಲ್‌ಗೂ ಇದೇ ಲೆಕ್ಕ. 12 ವೋಲ್ಟಿನ ಲೂಕಾಸ್ ಸಿ40 ಡೈನಮೋ ಫೀಲ್ಡ್ ಸುಮಾರು 6 ಓಮ್. ಅಳೆಯುವ ಮುಂಚೆ ಮೀಟರಿನ ಎರಡು ಮೊನೆ ಕೂಡಿಸಿ, ಬಂದ ಅಂಕಿಯನ್ನು ಕಳೆಯಿರಿ. ಇಲ್ಲದಿದ್ದರೆ ಇಷ್ಟು ಕಡಿಮೆ ಓಮಿನಲ್ಲಿ ಲೆಕ್ಕ ತಪ್ಪುತ್ತದೆ.

ಬಲ್ಬ್, ಹಾರ್ನ್ ಆದರೆ ಮೊದಲು 6 ವೋಲ್ಟ್ ಕೊಟ್ಟು ನೋಡಿ. ಬಲ್ಬ್ ಮಂಕಾಗಿ ಕೆಂಪಗೆ ಉರಿದರೆ 12ರದು ಇರಬಹುದು. ಮೊದಲೇ 12 ಕೊಟ್ಟರೆ ತಪ್ಪು ತಿದ್ದಿಕೊಳ್ಳಲು ವಸ್ತುವೇ ಉಳಿಯುವುದಿಲ್ಲ. ಎಂಜಿನ್ ಶುರು ಮಾಡುವ ಸೆಲ್ಫ್ ಮೋಟರ್ ಮಾತ್ರ ಈ ಸೆಲ್ಲುಗಳಿಂದ ಗೊತ್ತಾಗುವುದಿಲ್ಲ. 6 ವೋಲ್ಟಿನ ಸೆಲ್ಫ್ 12ಕ್ಕೂ ತಿರುಗುತ್ತದೆ, ಇನ್ನೂ ಜೋರಾಗಿ. ಅದನ್ನೇ ಒಳ್ಳೆಯದು ಅಂದುಕೊಂಡರೆ ಫ್ಲೈವೀಲ್ ಹಲ್ಲು ಹೋಗುತ್ತದೆ.

ಇನ್ನೊಂದು. "ಈ ಸಾಮಾನು ಬಿಚ್ಚಿದ ಗಾಡಿಯಲ್ಲಿ 6 ವೋಲ್ಟ್ ಬ್ಯಾಟರಿ ಇತ್ತು" ಎಂಬ ಮಾತನ್ನೂ ನೆಚ್ಚಬೇಡಿ. ಕೆಲವು ಹಳೇ ಗಾಡಿಗಳಲ್ಲಿ 6 ವೋಲ್ಟಿನ ಎರಡು ಬ್ಯಾಟರಿ ಸೇರಿಸಿ 12 ಮಾಡಿರುತ್ತಾರೆ.

ಹೋದ ಸೋಮವಾರ ಆ ಅಂಗಡಿಗೆ ಹೋಗಿ ಎಲ್ಲ ಹೇಳಿದೆ. ಅವರಿಗೂ ಗೊತ್ತಿರಲಿಲ್ಲ, ಪಾಪ, ಬೇಜಾರು ಮಾಡಿಕೊಂಡರು. ರಾಶಿಯಲ್ಲಿ ಅಂಥವೇ ಇನ್ನೆರಡು ಇದ್ದವು. ಸೆಲ್ ಮುಟ್ಟಿಸಿ ನೋಡಿ, ಎರಡರ ಮೇಲೂ ಬಿಳಿ ಬಣ್ಣದಲ್ಲಿ 6 ಅಂತ ಬರೆದು ಬಂದೆ. ಅಂಥದೇ ಇನ್ನೊಂದನ್ನು ಆಲೂರು ಕಡೆಯ ರೈತರೊಬ್ಬರು ನನಗಿಂತ ಮೊದಲೇ ಒಯ್ದಿದ್ದಾರಂತೆ. ಅವರ ಫೋನ್ ನಂಬರ್ ಅಂಗಡಿಯಲ್ಲಿ ಇಲ್ಲ. ಆಲೂರು ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ನಿಮ್ಮ ಊರಿನಲ್ಲಿ ಒಮ್ಮೆ ವಿಚಾರಿಸಿ. ಕಪ್ಪು ಡಬ್ಬಿ, ದಪ್ಪ ಬಣ್ಣ, ಮೇಲೆ ಪಟ್ಟಿ ಇಲ್ಲ. ಗಾಡಿಗೆ ಹಾಕಿದ್ದರೆ ಮೊದಲು ಬ್ಯಾಟರಿ ಕೇಬಲ್ ತೆಗೆಯಲು ಹೇಳಿ.