ಹಳೇ ಬುಲೆಟ್‌ನ ಆಯಿಲ್ ಲೀಕ್‌ಗೆ ಯುವಿ ಡೈ ಕಿಟ್: ಟಾರ್ಚ್ ನೋಡಿ ಕೊಳ್ಳಿ

ಪುಣೆಯ ನಾನಾ ಪೇಠೆಯಲ್ಲಿ ಕಾಸ್ಟ್ ಐರನ್ ಎಂಜಿನ್ನಿನ ಹಳೇ ಬುಲೆಟ್‌ಗೆ ಪ್ಯಾಕಿಂಗ್ ಸೆಟ್, ಅಂದರೆ ಜಾಯಿಂಟ್‌ಗಳಲ್ಲಿ ಆಯಿಲ್ ತಡೆಯುವ ಹಾಳೆಗಳು, ಸಿಗುವುದು ಕಷ್ಟವಲ್ಲ (ಗ್ಯಾಸ್ಕೆಟ್ ಅಂದರೆ ಕೌಂಟರಿನವನು ಮುಖ ನೋಡಬಹುದು, ಪ್ಯಾಕಿಂಗ್ ಅನ್ನಿ). ಆದರೆ ಯಾವ ಪ್ಯಾಕಿಂಗ್ ಹೋಗಿದೆ ಅಂತ ಹೇಳುವವರು ಕಮ್ಮಿ. ಆ ಕೆಲಸಕ್ಕೆ ಈ ಕಿಟ್: 30 ಮಿಲಿ ಡೈ, ಯುವಿ (ಅತಿನೇರಳೆ) ಟಾರ್ಚ್, ಹಳದಿ ಕನ್ನಡಕ. ಡೈಯನ್ನು ಎಂಜಿನ್ ಆಯಿಲ್‌ಗೆ ಬೆರೆಸಿ ಗಾಡಿ ಓಡಿಸಿದರೆ, ಸೋರಿದ ಜಾಗ ಕತ್ತಲಲ್ಲಿ ಈ ಟಾರ್ಚಿಗೆ ಹೊಳೆಯುತ್ತದೆ.

ಡೈ ಬಗ್ಗೆ ತಕರಾರಿಲ್ಲ. ಬಾಟಲಿ ಮೇಲೆ 4 ಲೀಟರಿಗೆ 30 ಮಿಲಿ ಎಂದಿದೆ. 350 ಬುಲೆಟ್‌ಗೆ ಎರಡು ಲೀಟರ್ ಚಿಲ್ಲರೆ ಆಯಿಲ್, ಹಾಗಾಗಿ 15ರಿಂದ 17 ಮಿಲಿ ಸಾಕು. ಸಿರಿಂಜ್‌ನಲ್ಲಿ ಅಳೆದು ಹಾಕಿ. ಒಂದು ಹನಿ ಹೊರಗೆ ಬಿದ್ದರೂ ರಾತ್ರಿ ಅದೇ ಲೀಕ್ ಥರ ಹೊಳೆಯುತ್ತದೆ.

ಮೋಸ ಇರುವುದು ಟಾರ್ಚಿನಲ್ಲಿ. ಅಗ್ಗದ ಕಿಟ್‌ಗಳಲ್ಲಿ 395 ನ್ಯಾನೋಮೀಟರಿನದು ಬರುತ್ತದೆ, ನೇರಳೆ ಬೆಳಕೇ ಕಣ್ಣು ತುಂಬಿ ಸಣ್ಣ ಜಿನುಗು ಕಾಣುವುದಿಲ್ಲ. 365ರದ್ದು ಕೇಳಿ ತಗೊಳ್ಳಿ. ಹಗಲಲ್ಲಿ ಎರಡೂ ದಂಡ.

ಮೊದಲು ಸೀಮೆಎಣ್ಣೆ, ಬ್ರಷ್ ಹಿಡಿದು ಎಂಜಿನ್ ತೊಳೆದು, ಸೋಪುನೀರು ಹಾಕಿ ಪೂರ್ತಿ ಒಣಗಿಸಿ. ಬಟ್ಟೆ ಸೋಪಿನ ಅಂಶ ಉಳಿದರೆ ಅದೂ ಹೊಳೆಯುತ್ತದೆ, ಆದರೆ ನೀಲಿಯಾಗಿ. ಡೈ ಹಸಿರು ಮಿಶ್ರಿತ ಹಳದಿ. ವಾರಗಟ್ಟಲೆ ನಿಂತ ಗಾಡಿಯಾದರೆ ಪಂಪ್ ಮೂಲಕ ಆಯಿಲ್ ಟ್ಯಾಂಕಿನಿಂದ ಕ್ರ್ಯಾಂಕ್‌ಕೇಸಿಗೆ (ಪಿಸ್ಟನ್ ಕೆಳಗಿನ ಎಂಜಿನ್ ಡಬ್ಬಿಗೆ) ಇಳಿದಿರುತ್ತದೆ. ಡಿಪ್‌ಸ್ಟಿಕ್ ಕಮ್ಮಿ ತೋರಿಸಿತೆಂದು ಮೇಲೆ ಸುರಿಯಬೇಡಿ. ಸ್ಟಾರ್ಟ್ ಮಾಡಿ ಹತ್ತು ನಿಮಿಷ ಓಡಿಸಿ, ಆಮೇಲೆ ಲೆವೆಲ್ ನೋಡಿ. ಆ ಹತ್ತು ನಿಮಿಷ ಬ್ರೀದರಿನಿಂದ (ಎಂಜಿನ್ ಒಳಗಿನ ಗಾಳಿ ಹೊರಹೋಗುವ ಪೈಪಿನಿಂದ) ಉಗುಳುವುದು ಲೆಕ್ಕಕ್ಕಿಲ್ಲ, ಒರೆಸಿಬಿಡಿ. ನಂತರ ಪುಣೆ ಪಕ್ಕದ ಕಾತ್ರಜ್ ಘಾಟ್ ಒಮ್ಮೆ ಹತ್ತಿಳಿದು ಬಂದರೆ ಎಂಜಿನ್ ಬೇಕಾದಷ್ಟು ಕಾಯುತ್ತದೆ.

ಟಾರ್ಚ್ ಹಿಡಿಯುವಾಗ ಮೇಲಿನಿಂದ ಶುರುಮಾಡಿ. ಆಯಿಲ್ ಕೆಳಗೆ ಇಳಿಯುತ್ತದೆ, ಓಡುವಾಗ ಗಾಳಿಗೆ ಹಿಂದಕ್ಕೂ ಹರಡುತ್ತದೆ. ಹೊಳೆಯುವ ಜಾಗದಲ್ಲಿ ಎಲ್ಲಕ್ಕಿಂತ ಮೇಲಿನ, ಮುಂದಿನ ತುದಿಯೇ ಮೂಲ. ಕಿಟ್‌ನ ಹಣ ವಸೂಲಾಗುವುದು ಇಲ್ಲೇ. ಮೇಲೆ ವಾಲ್ವ್ ಒತ್ತುವ ರಾಕರ್‌ಗೆ ಹೋಗುವ ಆಯಿಲ್ ಪೈಪಿನ ಬ್ಯಾಂಜೊ ಬೋಲ್ಟ್ (ಎಣ್ಣೆ ಹಾಯಲು ತೂತಿರುವ ಬೋಲ್ಟ್) ಜಿನುಗಿದರೆ ಎಣ್ಣೆ ಎಂಜಿನ್ ತಣಿಸುವ ಫಿನ್‌ಗಳ ಸಂದಿಯಲ್ಲಿ ಇಳಿದು ಬ್ಲಾಕ್ ಬುಡದಲ್ಲಿ ನಿಲ್ಲುತ್ತದೆ. ಬೇಸ್ ಪ್ಯಾಕಿಂಗ್ ಹೋಗಿದೆ ಅಂದುಕೊಂಡು ಹೆಡ್, ಬ್ಲಾಕ್ ಎಲ್ಲಾ ಇಳಿಸುತ್ತಾರೆ. ಬೇಕಾಗಿದ್ದದ್ದು ಎರಡು ತಾಮ್ರದ ವಾಷರ್! ಹಳೆಯವನ್ನೇ ಕೆಂಪಗೆ ಕಾಯಿಸಿ ಆರಲು ಬಿಟ್ಟರೆ ಮೆತ್ತಗಾಗುತ್ತವೆ. ಮೇಲಿನ ಕಪ್ಪು ಉಜ್ಜಿ ತೆಗೆದು ಮತ್ತೆ ಹಾಕಬಹುದು.

ಟ್ಯಾಪೆಟ್ ಕವರ್ ಸುತ್ತ ಹೊಳೆದರೆ ನಟ್ ಇನ್ನಷ್ಟು ಬಿಗಿ ಮಾಡಬೇಡಿ. ಒಂದೇ ನಟ್ ನಡುವೆ ಎಳೆಯುವುದರಿಂದ ಕವರ್ ಬಾಗಿರುತ್ತದೆ. ದಪ್ಪ ಗಾಜಿನ ಮೇಲೆ 400 ನಂಬರ್ ಎಮರಿ ಪೇಪರ್ ಇಟ್ಟು, ಅಂಚು ಪೂರ್ತಿ ಒಂದೇ ಸಮ ಬೆಳ್ಳಗಾಗುವವರೆಗೆ ಕವರ್ ಉಜ್ಜಿ, ಆಮೇಲೆ ಹೊಸ ಪ್ಯಾಕಿಂಗ್. ಸಿಲಿಕಾನ್ ಪೇಸ್ಟ್ ಮೆತ್ತುವವರಿದ್ದಾರೆ. ಒಳಗೆ ಉಬ್ಬಿದ ಪೇಸ್ಟ್ ತುಂಡಾಗಿ ಆಯಿಲ್ ದಾರಿಗೆ ಅಡ್ಡ ಕೂತರೆ ಲೀಕ್‌ಗಿಂತ ದೊಡ್ಡ ಕೆಲಸ.

ಎಂಜಿನ್‌ನಿಂದ ಕ್ಲಚ್‌ಗೆ ಹೋಗುವ ಚೈನ್ ಇರುವ ಚೈನ್‌ಕೇಸ್‌ನ ಎಣ್ಣೆ ಬೇರೆ, ಅದಕ್ಕೆ ಡೈ ಹಾಕಬೇಡಿ. ಆ ಎಣ್ಣೆಯೇ ಹಳದಿ ಹೊಳೆದರೆ ಕ್ರ್ಯಾಂಕ್ ಕಡೆಯ ಸೀಲ್ ಹೋಗಿದೆ. ಹೊಳೆಯದೆ ಸೋರಿದರೆ ಕವರಿನ ರಬ್ಬರ್ ನೋಡಿ.

ಕಿಟ್ ಹೇಳದ ಸಂಗತಿಯೂ ಇದೆ. ಮೂರ್ನಾಲ್ಕು ಜಾಯಿಂಟ್ ಒಟ್ಟಿಗೇ ಹೊಳೆದರೆ ತಪ್ಪು ಪ್ಯಾಕಿಂಗಿನದ್ದಲ್ಲ, ಒಳಗಿನ ಒತ್ತಡದ್ದು. ಪಿಸ್ಟನ್ ಇಳಿದಾಗಲೆಲ್ಲ ಕ್ರ್ಯಾಂಕ್‌ಕೇಸಿನ ಗಾಳಿ ಬ್ರೀದರ್ ಪೈಪಿನ ತುದಿಯ ಬಾತುಕೊಕ್ಕಿನಂಥ ರಬ್ಬರಿನಿಂದ ಹೊರಗೆ ಹೋಗಬೇಕು, ಮರಳಿ ಬರಬಾರದು. ರಬ್ಬರ್ ಗಡುಸಾಗಿದ್ದರೆ, ಬಿರುಕು ಬಿಟ್ಟಿದ್ದರೆ ಎಷ್ಟು ಪ್ಯಾಕಿಂಗ್ ಬದಲಿಸಿದರೂ ಅಷ್ಟೇ. ಐಡಲ್‌ನಲ್ಲಿ ಕೊಕ್ಕಿನ ತುದಿಗೆ ಬೆರಳು ಹಿಡಿಯಿರಿ: ಪುಸ್ ಪುಸ್ ಎಂದು ತಳ್ಳಬೇಕು, ಬೆರಳನ್ನು ಎಳೆದುಕೊಳ್ಳಬಾರದು. ಇದಕ್ಕೆ ದುಡ್ಡಿಲ್ಲ, ಕಿಟ್ ಕೊಳ್ಳುವ ಮುಂಚೆಯೇ ಮಾಡಿ.

ಲೀಕ್ ಒಂದೇ ಕಡೆ, ಅದೂ ಢಾಳಾಗಿದ್ದರೆ ತೊಳೆದ ಎಂಜಿನ್ ಮೇಲೆ ಟಾಲ್ಕಂ ಪೌಡರ್ ಉದುರಿಸಿ, ನಿಂತಲ್ಲೇ ಐದು ನಿಮಿಷ ಐಡಲ್ ಬಿಟ್ಟರೂ ಗೆರೆ ಕಾಣುತ್ತದೆ. ಬಿಸಿಯಾದಾಗ ಮಾತ್ರ ಜಿನುಗಿ, ನಿಲ್ಲಿಸಿದರೆ ನಿಲ್ಲುವ ಲೀಕ್‌ಗೆ ಪೌಡರ್ ಸಾಲದು, ಅಲ್ಲಿ ಡೈಯೇ ಬೇಕು. 5ಕ್ಕೆ 3.5. ಅರ್ಧ ಅಂಕ ಹೋಗಿದ್ದು ಕನ್ನಡಕಕ್ಕೆ, ಒಂದೇ ವಾರಕ್ಕೆ ಕಡ್ಡಿ ಮುರಿಯಿತು. ಉಳಿದದ್ದು ಟಾರ್ಚ್ ಎಷ್ಟು ನ್ಯಾನೋಮೀಟರ್ ಅಂತ ಡಬ್ಬದ ಮೇಲೆ ಎಲ್ಲೂ ಹಾಕದೆ ಇದ್ದದ್ದಕ್ಕೆ.