ಡೀಸೆಲ್ ಸೋರಿದ ಮಣ್ಣು: ಅಗೆದು ಸಾಗಿಸುವುದೋ, ಅಲ್ಲೇ ರಾಶಿ ಹಾಕುವುದೋ?

ಬೈಕಂಪಾಡಿಯ ಶೆಡ್ಡಾಗಲಿ, ಮಣಿಪಾಲದ ಜನರೇಟರ್ ಕೋಣೆಯಾಗಲಿ, ಮೊದಲು ಆಳ ನೋಡಿ. ಅರ್ಧ ಮೀಟರಿಗೊಂದು ಮಾದರಿ ತೆಗೆದು, ಗಾಜಿನ ಬಾಟಲಿಯಲ್ಲಿ ನೀರು ಹಾಕಿ ಕುಲುಕಿ. ಮೇಲೆ ಕಾಮನಬಿಲ್ಲಿನ ಪೊರೆ ಬಂದರೆ ಇನ್ನೂ ಕೆಳಗಿಳಿಯಿರಿ. ಪೊರೆ ನಿಂತ ಮೇಲೂ ಲ್ಯಾಬ್ ಪರೀಕ್ಷೆ ಬೇಕೇ ಬೇಕು. ನಮ್ಮ ಕರಾವಳಿಯ ಮುರಕಲ್ಲಿನಲ್ಲಿ (ಜಂಬಿಟ್ಟಿಗೆ) ತೂತುಗಳಿವೆ. ಎಣ್ಣೆ ಅದರೊಳಗೆ ಜಾರಿ, ಕೆಳಗಿನ, ನೀರು ಸುಲಭವಾಗಿ ಇಳಿಯದ ಶೇಡಿ ಮಣ್ಣಿನ ಮೇಲೆ ಅಡ್ಡಕ್ಕೆ ಹರಿದು ಬಾವಿ ಸೇರಬಹುದು.

ಅಗೆದು ಸಾಗಿಸಿದರೆ ಕೆಲಸ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಆದರೆ 30 ಘನ ಮೀಟರ್ ಎಂದರೆ ಸುಮಾರು 50 ಟನ್. 2016ರ ಅಪಾಯಕಾರಿ ತ್ಯಾಜ್ಯ ನಿಯಮದಡಿ ಅನುಮತಿ ಇರುವ ಘಟಕಕ್ಕೇ ಕಳಿಸಬೇಕು. ತಗ್ಗು ಗದ್ದೆಗೆ ಸುರಿದರೆ ವಿಷ ಜಾಗ ಬದಲಿಸಿತು, ಅಷ್ಟೆ.

ರಾಶಿ ವಿಧಾನದಲ್ಲಿ ಮಣ್ಣಿನ ಸೂಕ್ಷ್ಮಾಣುಗಳೇ ಡೀಸೆಲ್ ತಿಂದು ಮುಗಿಸುತ್ತವೆ; ಅಗ್ಗ, ಆದರೆ ತಿಂಗಳುಗಟ್ಟಲೆ ತಾಳ್ಮೆ ಬೇಡುತ್ತದೆ. ದಪ್ಪ ಪ್ಲಾಸ್ಟಿಕ್ ಹಾಳೆಯ ಮೇಲೆ ಒಂದೂವರೆ ಮೀಟರ್ ಎತ್ತರ, ಸುತ್ತ ಬದು, ವಾರಕ್ಕೊಮ್ಮೆ ತಿರುವು. ಅವುಗಳಿಗೆ ಗೊಬ್ಬರವೂ ಬೇಕು: ಡೀಸೆಲಿನ ಇಂಗಾಲ, ಸಾರಜನಕ, ರಂಜಕ ತೂಕದಲ್ಲಿ 100:10:1 ಇರಲಿ. ಕಿಲೋಗೆ 5,000 ಮಿಲಿಗ್ರಾಂ ಡೀಸೆಲ್ ಇರುವ 50 ಟನ್ನಿಗೆ, ಸಾರಜನಕಕ್ಕಾಗಿ, ಯೂರಿಯಾ ಸುಮಾರು 46 ಕಿಲೋ. ಮೂರು ಕಂತಿನಲ್ಲಿ ಕೊಡಿ, ಒಟ್ಟಿಗೆ ಸುರಿದರೆ ಸೂಕ್ಷ್ಮಾಣುಗಳಿಗೇ ಪೆಟ್ಟು ಬೀಳಬಹುದು. ಕರಾವಳಿ ಮಣ್ಣು ಹುಳಿ, ಪಿಎಚ್ 6ಕ್ಕಿಂತ ಕೆಳಗಿದ್ದರೆ ಸುಣ್ಣ ಸೇರಿಸಿ. ತೇವ ಎಷ್ಟಿರಬೇಕೆಂದರೆ, ಮಣ್ಣನ್ನು ಹಿಂಡಿದರೆ ಮುದ್ದೆ ಕಟ್ಟಬೇಕು, ನೀರು ಒಸರಬಾರದು. ಮುಚ್ಚದ ರಾಶಿಯನ್ನು ಜೂನ್ ಮಳೆ ತೊಳೆದು ತೋಡಿಗೆ ಒಯ್ಯುತ್ತದೆ.

ಬಾವಿ ಹತ್ತಿರವಿದ್ದರೆ, ಅಥವಾ ಏಪ್ರಿಲ್ ದಾಟಿದ್ದರೆ, ಅಗೆಯಿರಿ. ನವೆಂಬರಿನಲ್ಲಿ ಸೋರಿದ್ದು, ಅಂಗಳವೂ ಇದ್ದರೆ ರಾಶಿಯೇ ಸರಿ. ಬ್ಯಾಟರಿಯ ಸೀಸಕ್ಕೆ ಮಾತ್ರ ರಾಶಿ ಬೇಡ: ಲೋಹವನ್ನು ಯಾವ ಸೂಕ್ಷ್ಮಾಣುವೂ ಕರಗಿಸಿ ಇಲ್ಲವಾಗಿಸದು.