ಆಫೀಸಿಗೆ ‘ಫ್ರೀ’ ಕಾಫಿ ಮೆಷಿನ್ ಅಂದರೆ ನಂಬಬೇಡಿ

ಆಫೀಸಿಗೆ ಕಾಫಿ ಮೆಷಿನ್ ಹಾಕಿಸಬೇಕು ಅಂತಿರುವವರು ದಯವಿಟ್ಟು ಇದನ್ನು ಓದಿ, ಆಮೇಲೆ ಸಹಿ ಹಾಕಿ. ನಾನು ಸರಿಯಾಗಿ ಓದದೇ ಹಾಕಿದೆ. ಏಳು ತಿಂಗಳಾಯಿತು, ಇನ್ನೂ ಹೊಟ್ಟೆ ಉರಿಯುತ್ತಿದೆ.

ನಮ್ಮಲ್ಲಿ 40 ಜನ. ಹಳೇ ಕಾಫಿ ಕುಡಿಯೋಕಾಗಲ್ಲ ಅಂತ ಎಲ್ಲರೂ ಗೊಣಗುತ್ತಿದ್ದರು, ಅದಕ್ಕೆ ನಾನೇ ಮುಂದೆ ಬಿದ್ದು ಈ ಕೆಲಸ ಹೊತ್ತುಕೊಂಡೆ. ಮೆಷಿನ್ ಕಂಪನಿಯಿಂದ ಬಂದವರು ಹೇಳಿದ್ದು, ಮೆಷಿನ್ ಫ್ರೀ, ಕುಡಿದ ಕಪ್ಪಿಗಷ್ಟೇ ದುಡ್ಡು. ಡೆಮೋ ದಿನ ಕಣ್ಣೆದುರೇ ಬೀಜ ಪುಡಿ ಮಾಡಿ ಕಾಫಿ ಕೊಟ್ಟರು. ಆ ಘಮಕ್ಕೆ ಎಲ್ಲರೂ ಎರಡೆರಡು ಸಲ ಕುಡಿದರು. ನಾನು ಅವತ್ತೇ ಸಹಿ ಹಾಕಿದೆ.

ಬಂದ ಮೆಷಿನ್‌ನಲ್ಲಿ ಬೀಜ ಹಾಕುವ ಜಾಗವೇ ಇಲ್ಲ! ಪ್ರೀಮಿಕ್ಸ್ ಪುಡಿ, ಬಿಸಿನೀರು, ಅಷ್ಟೇ. ಪ್ಯಾಕೆಟ್ ತಿರುಗಿಸಿ ನೋಡಿದೆ. ಯಾವುದು ಜಾಸ್ತಿ ಇದೆಯೋ ಅದರ ಹೆಸರು ಮೊದಲು ಬರೆದಿರುತ್ತಾರೆ ಅಲ್ವಾ? ಮೊದಲು ಸಕ್ಕರೆ. ಆಮೇಲೆ ಹಾಲಿನ ಪುಡಿ. ಕಾಫಿ ಎಲ್ಲೋ ಕೊನೆಗೆ, ಅದಕ್ಕೂ ಚಿಕೋರಿ ಬೆರೆಸಿದ್ದಾರೆ. ಚಿಕೋರಿ ಕಪ್ಪಗಿದೆ, ಕಹಿಯಿದೆ, ಸ್ಟ್ರಾಂಗ್ ಇರಬೇಕು ಅಂದುಕೊಂಡರೆ ಅದರಲ್ಲಿ ಕೆಫೀನೇ ಇರುವುದಿಲ್ಲ. ಸಕ್ಕರೆ ಬೇಡ ಅನ್ನುವವರಿಗೆ ದಾರಿಯೇ ಇಲ್ಲ, ಪುಡಿಯಲ್ಲೇ ಸೇರಿಸಿಬಿಟ್ಟಿದ್ದಾರೆ. ಒಬ್ಬರು ಎಲ್ಲರ ಮುಂದೆ, "ಇದನ್ನಾ ನೀವು ಆರಿಸಿದ್ದು?" ಅಂತ ಕೇಳಿದರು. ತಲೆ ತಗ್ಗಿಸಿ ನಿಂತೆ.

ಫೋನ್ ಮಾಡಿದರೆ, "ಡೆಮೋ ಬೇರೆ ಮಾಡೆಲ್ ಮೇಡಂ. ನೀವು ಸಹಿ ಮಾಡಿದ್ದು ಇದಕ್ಕೆ."

ಆಮೇಲೆ ಬಿಲ್ ಬಂತು, ಲೆಕ್ಕ ಕೂಡಲಿಲ್ಲ. ಒಂದು ದಿನ ಯಾರೂ ಬರುವ ಮೊದಲೇ ಹೋಗಿ, ಮೆಷಿನ್‌ನಲ್ಲಿ ಕಪ್ ಎಣಿಸುವ ಕೌಂಟರ್ ಎಷ್ಟಿದೆ ಅಂತ ಬರೆದಿಟ್ಟುಕೊಂಡೆ. ಬರೀ ಬಿಸಿನೀರು ಮೂರು ಸಲ ಒತ್ತಿದೆ, ಎರಡು ಸಲ ತೊಳೆಯುವ ಬಟನ್ ಒತ್ತಿದೆ. ಕೌಂಟರ್ ಐದು ಏರಿತ್ತು. ಐದು ಕಪ್ ಕಾಫಿ! ನೀರಿಗೆ! ಮೆಷಿನ್ ತೊಳೆದಿದ್ದಕ್ಕೂ ನಾವೇ ದುಡ್ಡು ಕೊಟ್ಟಿದ್ದೇವೆ, ಇಷ್ಟು ದಿನ. ಕೇಳಿದರೆ, "ಅಗ್ರಿಮೆಂಟ್‌ನಲ್ಲಿ ಡಿಸ್ಪೆನ್ಸ್ ಅಂತ ಇದೆ, ಅಂದರೆ ಮೆಷಿನ್ ಏನು ಸುರಿಸಿದರೂ ಲೆಕ್ಕ, ಕಾಫಿ ಅಂತ ಇಲ್ಲ. ಓದಿಲ್ವಾ ಮೇಡಂ?"

ಓದಿಲ್ವಾ ಮೇಡಂ. ಆ ಮಾತು ಇನ್ನೂ ಕಿವಿಯಲ್ಲಿದೆ.

ಸರಿ, ಜನ ಕುಡಿಯುವುದೇ ಬಿಟ್ಟರು, ಮನೆಯಿಂದ ಫ್ಲಾಸ್ಕ್ ತರತೊಡಗಿದರು. ಬಿಲ್ ಇಳಿಯಬೇಕಲ್ಲ? ಇಳಿಯಲಿಲ್ಲ. ತಿಂಗಳಿಗೆ ಕನಿಷ್ಠ 2,000 ಕಪ್, ಕುಡಿದರೂ ಕುಡಿಯದಿದ್ದರೂ ಕೊಡಬೇಕು. ವಾಪಸ್ ತೆಗೆದುಕೊಂಡು ಹೋಗಿ ಅಂದರೆ 24 ತಿಂಗಳ ಲಾಕ್-ಇನ್, ಮಧ್ಯೆ ಬಿಟ್ಟರೆ ಉಳಿದ ತಿಂಗಳದ್ದೆಲ್ಲ ಒಟ್ಟಿಗೆ ಕಟ್ಟಬೇಕಂತೆ.

ಸುಮ್ನೆ ಘಮಕ್ಕೆ ಮರುಳಾಗಬೇಡಿ. ನಿಮಗೆ ಕೊಡುವ ಮೆಷಿನ್‌ನಲ್ಲೇ, ಕೊಡುವ ಪುಡಿಯಲ್ಲೇ ಡೆಮೋ ಮಾಡಿಸಿ, ಪ್ಯಾಕೆಟ್ ಕೈಗೆ ತೆಗೆದುಕೊಂಡು ಓದಿ. ಕೌಂಟರ್ ಏನೇನು ಎಣಿಸುತ್ತದೆ, ಕನಿಷ್ಠ ಎಷ್ಟು ಕಪ್, ಬಿಡಬೇಕೆಂದರೆ ಎಷ್ಟು ಕಟ್ಟಬೇಕು, ಇದೆಲ್ಲ ಬರವಣಿಗೆಯಲ್ಲಿ ಕೇಳಿ. ಬಾಯಿಮಾತನ್ನು ನಂಬಲೇಬೇಡಿ.

ನಮಗಿನ್ನೂ 17 ತಿಂಗಳು ಬಾಕಿ. ನಿನ್ನೆ ಮತ್ತೆ ಫೋನ್ ಮಾಡಿದೆ. "ಬೀಜದ ಮೆಷಿನ್ ಬೇಕಿದ್ದರೆ ಹೊಸ ಅಗ್ರಿಮೆಂಟ್ ಮಾಡೋಣ ಮೇಡಂ" ಅಂದರು.